ಕೊಆಲಾ ಪ್ರಾಣಿಯೂ ಅದು ಬೇಡುವ ನೆಲವೂ

(ಒಬ್ಬ ವ್ಯವಸಾಯ ಇನ್‌ಸ್ಪೆಕ್ಟರು, ಎಲ್. ಎಜಿ.)

ಕೋಲಾರ ಸೀಮೆಯ ಗ್ರಾಮವೊಂದಕ್ಕೆ ನಾನು ಸರ್ಕೀಟು ಹೋಗಿದ್ದಾಗ, ಹಳೆಯ ನೀಲಗಿರಿ ತೋಪನ್ನು ಕಡಿಸಿ, ಬುಡಗಳನ್ನು ಕೀಳಿಸಿ, ಆ ಜಮೀನನ್ನು ಮರಳಿ ರಾಗಿಯ ಬೇಸಾಯಕ್ಕೆ ತರುತ್ತಿದ್ದ ರೈತರೊಬ್ಬರು ನನ್ನನ್ನು ಒಂದು ಪ್ರಶ್ನೆ ಕೇಳಿದರು. “ಆಡು ಮುಟ್ಟದ ಸೊಪ್ಪಿಲ್ಲವೆಂದು ಹಿರಿಯರು ಹೇಳಿದ್ದಾರೆ. ನಮ್ಮ ಆಡುಗಳು ಈ ತೋಪಿನಲ್ಲಿ ಇಪ್ಪತ್ತು ವರ್ಷ ತಿರುಗಾಡಿದವು. ಒಂದು ದಿನವೂ ಇದರ ಎಲೆಗೆ ಬಾಯಿ ಹಾಕಲಿಲ್ಲ. ಇದನ್ನು ತಿಂದು ಬದುಕುವ ಪ್ರಾಣಿ ಭೂಮಿಯ ಮೇಲೆ ಯಾವುದಾದರೂ ಉಂಟೇ ಸ್ವಾಮಿ?” ಆಡುಸೋಗೆಯೊಂದನ್ನು ಬಿಟ್ಟರೆ ಆ ಗಾದೆಗೆ ಅಪವಾದವಾಗಿ ನಿಂತಿರುವುದು ಈ ನೀಲಗಿರಿಯೇ ಇರಬೇಕೆಂದು ನಾನೂ ಹಿಂದೆ ಎಣಿಸಿದ್ದುಂಟು.

ಉಂಟು ಎಂದು ಉತ್ತರ ಕೊಟ್ಟೆನು. ಆಸ್ಟ್ರೇಲಿಯಾ ಖಂಡದಲ್ಲಿರುವ ಕೊಆಲಾ ಎಂಬ ಪ್ರಾಣಿಗೆ ಈ ಜಾತಿಯ ಮರಗಳ ಎಲೆಯೇ ಅನ್ನ. ಅದರ ಮುದ್ದಾದ ಮುಖವನ್ನು ಚಿತ್ರಗಳಲ್ಲಿ ನೋಡದ ವಾಚಕರು ವಿರಳ. ಆದರೆ ವ್ಯವಸಾಯದ ಪತ್ರಿಕೆಯಲ್ಲಿ ಅದರ ಪ್ರಸ್ತಾಪಕ್ಕೆ ಏನು ಕೆಲಸವೆಂದು ಕೆಲವರು ಕೇಳಬಹುದು. ನನ್ನ ಅಭಿಪ್ರಾಯದಲ್ಲಿ ಈ ಪ್ರಾಣಿಯ ಅಳಿವು ಉಳಿವುಗಳ ಪ್ರಶ್ನೆಯು ಪ್ರಾಣಿಶಾಸ್ತ್ರಜ್ಞರಿಗೆ ಸೇರುವುದಕ್ಕಿಂತ ಹೆಚ್ಚಾಗಿ ಮಣ್ಣನ್ನು ಬಲ್ಲವರಿಗೆ ಸೇರತಕ್ಕದ್ದು. ಅದು ಹೇಗೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಪ್ರಾಣಿಯ ಪರಿಚಯ. ಇದನ್ನು ಕರಡಿಯೆಂದು ಕರೆಯುವ ವಾಡಿಕೆಯಿದ್ದರೂ ಇದು ಕರಡಿಯ ಕುಲಕ್ಕೆ ಸೇರಿದುದಲ್ಲ. ಕಾಂಗರೂವಿನಂತೆ ಹೊಟ್ಟೆಯ ಚೀಲದಲ್ಲಿ ಮರಿಯನ್ನು ಸಾಕುವ ವರ್ಗದ್ದು. ಆಸ್ಟ್ರೇಲಿಯಾದಲ್ಲಿ ಎಲ್ಲೆಂದರಲ್ಲಿ ಇದು ಸಿಕ್ಕುವುದೂ ಇಲ್ಲ. ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ, ದಕ್ಷಿಣ ಆಸ್ಟ್ರೇಲಿಯಾ ಎಂಬ ಪೂರ್ವ ಮತ್ತು ಆಗ್ನೇಯ ದಿಕ್ಕಿನ ಸೀಮೆಗಳೇ ಇದರ ನೆಲೆ. ಟಾಸ್ಮೇನಿಯಾ ದ್ವೀಪದಲ್ಲಿಯೂ ಪಶ್ಚಿಮದ ವಿಶಾಲ ಪ್ರಾಂತದಲ್ಲಿಯೂ ನೀಲಗಿರಿಯ ಜಾತಿಗಳು ಯಥೇಚ್ಛವಾಗಿದ್ದರೂ ಕಾಡುಕೊಆಲಾಗಳಿಲ್ಲ. ಉತ್ತರದ ಸೆಕೆಸೀಮೆಯ ಗಂಡು ಆರೇಳು ಕಿಲೋ ತೂಗಿದರೆ, ದಕ್ಷಿಣದ ಚಳಿಸೀಮೆಯದು ಹನ್ನೆರಡು ಕಿಲೋ ತೂಗುವುದುಂಟು. ಚಳಿಯಿದ್ದಲ್ಲಿ ಮೈಯೂ ದೊಡ್ಡದು, ತುಪ್ಪುಳವೂ ದಟ್ಟ. ಇಷ್ಟು ಸಣ್ಣ ಪ್ರಾಣಿಯ ಗಂಡು ಬೆದೆಗಾಲದಲ್ಲಿ ಮರದ ಮೇಲಿನಿಂದ ಕೂಗಿದರೆ, ಕತ್ತಲೆಯಲ್ಲಿ ದೊಡ್ಡ ಹಂದಿಯೊಂದು ಗುರುಗುಟ್ಟಿದಂತೆ ಕೇಳುವುದಂತೆ.

ಇನ್ನು ಅದರ ಮೇವಿನ ವಿಚಾರ. ದನಕರುಗಳ ಮೇವನ್ನು ತೂಕಮಾಡಿ ನೋಡುವ ಅಭ್ಯಾಸವಿರುವ ನಮಗೆ ಇದು ಬಹಳ ಸ್ವಾರಸ್ಯವಾದ ಭಾಗ. ನೀಲಗಿರಿಯ ಎಲೆಯು ಹಸಿರಾಗಿ ಕಂಡರೂ ಮೇವಿನ ದೃಷ್ಟಿಯಿಂದ ಅತಿ ದರಿದ್ರವಾದುದು. ಪ್ರೋಟೀನು ಕಡಿಮೆ, ನಾರು ಹೆಚ್ಚು. ಆ ಅಲ್ಪ ಪ್ರೋಟೀನನ್ನೂ ಜೀರ್ಣವಾಗಗೊಡದೆ ಹಿಡಿದಿಡುವ ಒಗರಿನ ಟ್ಯಾನಿನ್ನುಗಳು ಅದರಲ್ಲಿವೆ. ಇವಲ್ಲದೆ, ಶೀತ ನೆಗಡಿಗಳಿಗೆ ನಾವು ಉಪಯೋಗಿಸುವ ಎಣ್ಣೆಯೂ, ವಾಕರಿಕೆ ತರಿಸುವ ಬೇರೆ ವಿಷವಸ್ತುಗಳೂ ಸೇರಿಕೊಂಡಿವೆ. ಬೇರೆ ಪ್ರಾಣಿಗಳು ಬಾಯಿ ಹಾಕದಿರಲೆಂದು ಮರವು ಮಾಡಿಕೊಂಡಿರುವ ಬೇಲಿಯಿದು. ಕೊಆಲಾ ಆ ಬೇಲಿಯನ್ನು ದಾಟಿ ಒಳಗೆ ಹೋಗಿ ಕುಳಿತಿದೆ. ಅಲ್ಲಿ ಅದಕ್ಕೆ ಪೈಪೋಟಿ ಕಡಿಮೆ. ಆದರೆ ಸಿಕ್ಕುವ ಊಟ ತೆಳು.

ಈ ತೆಳುವಾದ ಊಟದಲ್ಲಿ ಅದು ಸಂಸಾರ ನಡೆಸುವ ರೀತಿಯನ್ನು ನೋಡಬೇಕು. ದಿನವೊಂದಕ್ಕೆ ಸುಮಾರು ಅರ್ಧ ಕಿಲೋ ಎಲೆ ತಿನ್ನುವುದು. ದನದಂತೆ ಮೊದಲ ಹೊಟ್ಟೆಯಲ್ಲಿ ಮೇವನ್ನು ಹುದುಗು ಹಾಕುವ ಏರ್ಪಾಡು ಇದಕ್ಕಿಲ್ಲ; ಕುದುರೆಯಂತೆ ಹಿಂದಿನ ಕರುಳಿನಲ್ಲಿ ಆ ಕೆಲಸ ನಡೆಯುವುದು. ಅದಕ್ಕಾಗಿ ಇರುವ ಕುರುಡುಕರುಳು ಎರಡು ಮೀಟರುಗಳವರೆಗೆ ಬೆಳೆಯುವುದು. ಅಷ್ಟು ಸಣ್ಣ ಮುಂಡದೊಳಗೆ ಆಳುದ್ದಕ್ಕಿಂತ ಹೆಚ್ಚಿನ ಚೀಲವೊಂದು ಸುರುಳಿ ಸುತ್ತಿಕೊಂಡಿರುವುದೆಂದು ತಿಳಿಯಬೇಕು. ಹಲ್ಲಿನಿಂದ ನುಣ್ಣಗೆ ಅರೆದ ಭಾಗವು ಅಲ್ಲಿ ಬಹುಕಾಲ ನಿಂತು ಸೂಕ್ಷ್ಮಜೀವಿಗಳಿಂದ ಹುದುಗುವುದು. ಒರಟಾದ ನಾರು ಬೇಗನೆ ಹೊರಕ್ಕೆ ಹೋಗುವುದು. ವಿಷವನ್ನು ಕಳೆಯುವ ಹೊಣೆ ಯಕೃತ್ತಿನದು. ಈ ಪ್ರಾಣಿಯ ವಂಶತಂತುಗಳನ್ನೆಲ್ಲ ಓದಿ ೨೦೧೮ರಲ್ಲಿ ಪ್ರಕಟಿಸಿದಾಗ, ವಿಷಹರಣಕ್ಕೆ ಸಂಬಂಧಪಟ್ಟ ತಂತುಗಳು ಇದರಲ್ಲಿ ವಿಶೇಷವಾಗಿ ಹೆಚ್ಚಿಕೊಂಡಿರುವುದೂ, ಕಹಿಯನ್ನು ಗುರುತಿಸುವ ಶಕ್ತಿ ಬಹಳ ಸೂಕ್ಷ್ಮವಾಗಿರುವುದೂ ತಿಳಿದುಬಂದವು. ಎಲೆಯನ್ನು ಕಿತ್ತು, ಮೂಸಿ, ಒಪ್ಪಿಗೆಯಾಗದಿದ್ದರೆ ಬಿಸುಟುಬಿಡುವ ಅದರ ಚಾಳಿಗೆ ಕಾರಣವಿದು.

ಆದಾಯ ಕಡಿಮೆಯಿದ್ದ ಮನೆಯಲ್ಲಿ ಖರ್ಚನ್ನು ಹಿಡಿಯುವುದಲ್ಲದೆ ಬೇರೆ ದಾರಿಯುಂಟೇ? ಇದೇ ಗಾತ್ರದ ಬೇರೆ ಸಸ್ತನಿಗಳಿಗೆ ಬೇಕಾಗುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧದಲ್ಲಿ ಇದು ಕಾಲ ಕಳೆಯುವುದು. ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಹದಿನೆಂಟು ಇಪ್ಪತ್ತು ಗಂಟೆ ಕೊಂಬೆಯ ಕವಲಿನಲ್ಲಿ ನಿದ್ರೆ ಅಥವಾ ವಿಶ್ರಾಂತಿ. ಎಣ್ಣೆಯ ಅಮಲಿನಿಂದ ಅದು ಮಲಗಿರುವುದೆಂದು ಹೇಳುವ ಕಥೆಗೆ ಆಧಾರವಿಲ್ಲ. ಅದು ಸೋಮಾರಿಯೂ ಅಲ್ಲ, ಲೆಕ್ಕ ಬಲ್ಲ ಪ್ರಾಣಿ. ಮರಿಯು ಹುಟ್ಟುವಾಗ ಎರಡು ಸೆಂಟಿಮೀಟರು ಉದ್ದ, ಅರ್ಧ ಗ್ರಾಂ ತೂಕ. ಸುಮಾರು ಆರು ತಿಂಗಳು ಚೀಲದಲ್ಲಿ ಹಾಲು ಕುಡಿದ ತರುವಾಯ, ತಾಯಿಯ ಕುರುಡುಕರುಳಿನಿಂದ ಹೊರಬರುವ ಅಂಬಲಿಯಂತಹ ಮೆತ್ತನೆಯ ಮಲವನ್ನು ಅದು ತಿನ್ನುವುದು. ವಾಚಕರು ಹೇಸಬಾರದು. ಮಜ್ಜಿಗೆಯ ಹೆಪ್ಪನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ತರುವಂತೆ, ಎಲೆಯನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳು ತಾಯಿಯಿಂದ ಮರಿಗೆ ದಾಟುವ ಬಗೆಯಿದು. ಆಮೇಲೆ ಮಾತ್ರವೇ ಅದು ಎಲೆಗೆ ಬಾಯಿ ಹಾಕುವುದು.

ಇಷ್ಟು ಹೇಳಿದರೆ ಸಾಮಾನ್ಯ ಪುಸ್ತಕಗಳು ನಿಲ್ಲಿಸಿಬಿಡುತ್ತವೆ. ನಾನು ಹೇಳಬೇಕೆಂದಿರುವುದು ಇಲ್ಲಿಂದ ಆರಂಭ.

ನೀಲಗಿರಿಯ ವಂಶದಲ್ಲಿ ಏಳುನೂರಕ್ಕೂ ಹೆಚ್ಚು ಜಾತಿಗಳಿವೆ. ಕೊಆಲಾ ನೆಚ್ಚಿಕೊಂಡಿರುವುದು ಅವುಗಳಲ್ಲಿ ಕೆಲವು ಡಜನ್ ಜಾತಿಗಳನ್ನು. ಯಾವುದಾದರೂ ಒಂದು ಸ್ಥಳದಲ್ಲಿ ನೋಡಿದರೆ ಎರಡೋ ಮೂರೋ ಮಾತ್ರ. ಅಷ್ಟಕ್ಕೇ ಮುಗಿಯಲಿಲ್ಲ. ಒಂದೇ ಜಾತಿಯ ಎರಡು ಮರಗಳಲ್ಲಿ ಒಂದನ್ನು ಮೇಯುವುದು, ಪಕ್ಕದ್ದನ್ನು ಮುಟ್ಟದೆ ಬಿಡುವುದು. ಮೂರ್ ಮತ್ತು ಫೋಲಿ ಎಂಬ ವಿಜ್ಞಾನಿಗಳು ವಿಕ್ಟೋರಿಯಾದ ಫಿಲಿಪ್ ದ್ವೀಪದಲ್ಲಿ ಮರಮರವನ್ನೂ ಪರೀಕ್ಷಿಸಿ ೨೦೦೫ರಲ್ಲಿ ಪ್ರಕಟಿಸಿದ ಕೆಲಸದಿಂದ, ಎಲೆಯಲ್ಲಿರುವ ವಿಷದ ಪ್ರಮಾಣವೂ ಮರದ ಗಾತ್ರವೂ ಈ ಆಯ್ಕೆಯನ್ನು ನಿರ್ಧರಿಸುತ್ತವೆಂದು ಸ್ಪಷ್ಟವಾಯಿತು. ದೊಡ್ಡ ಮರವನ್ನು ಅದು ಹೆಚ್ಚಾಗಿ ಒಪ್ಪುವುದು. ಕಹಿಯಾದ ಮರವು ದೊಡ್ಡದಾದರೂ ಒಪ್ಪದು.

ಎಲೆಯಲ್ಲಿ ಸಾರ ಹೆಚ್ಚಾಗಿರಬೇಕಾದರೆ ನೆಲದಲ್ಲಿ ಸಾರವಿರಬೇಕಷ್ಟೆ. ಇದು ನಮ್ಮ ರಾಗಿಗೂ ಸರಿ, ಅವರ ಮರಕ್ಕೂ ಸರಿ. ಗರಸು ನೆಲದಲ್ಲಿ ಬೆಳೆದ ಮರದ ಎಲೆಯಲ್ಲಿ ಸಾರಜನಕ ಕಡಿಮೆ. ಮಣ್ಣು ಬಡವಾದಷ್ಟೂ ಎಲೆಯ ಒಗರೂ ನಾರೂ ಸಾಮಾನ್ಯವಾಗಿ ಹೆಚ್ಚು. ಹಳ್ಳದ ದಡದ ಮೆಕ್ಕಲು ಮಣ್ಣಿನಲ್ಲಿಯೂ ಬಯಲಿನ ಫಲವತ್ತಾದ ಆಳ ಮಣ್ಣಿನಲ್ಲಿಯೂ ಬೆಳೆದ ಮರದ ಎಲೆಯು ರಸವತ್ತಾಗಿ, ನೀರಿನ ಅಂಶವೂ ಹೆಚ್ಚಾಗಿ ಇರುವುದು. ಆದುದರಿಂದ ಕೊಆಲಾ ದಟ್ಟವಾಗಿ ನೆಲೆಸಿರುವುದು ನದೀತೀರಗಳಲ್ಲಿ, ಕಣಿವೆಗಳ ತಳದಲ್ಲಿ, ಮೆಕ್ಕಲು ಬಯಲುಗಳಲ್ಲಿ. ಅಂತಹ ನೆಲದಲ್ಲಿ ಒಂದು ಪ್ರಾಣಿಗೆ ಕೆಲವು ಎಕರೆ ಸಾಕು. ಕ್ವೀನ್ಸ್‌ಲ್ಯಾಂಡಿನ ಒಳನಾಡಿನ ಒಣನೆಲದಲ್ಲಿ ನೂರು ಹೆಕ್ಟೇರಿಗೂ ಮಿಗಿಲಾದ ಸೀಮೆಯನ್ನು ಅದು ಸುತ್ತಬೇಕಾಗುವುದು.

ಇದನ್ನು ಹೇಳುತ್ತಿದ್ದಾಗ ಆ ರೈತರು ನಡುವೆ ಬಾಯಿ ಹಾಕಿ, “ಹಾಗಾದರೆ ಅದಕ್ಕೂ ನಮ್ಮ ಹಾಗೆ ಹಳ್ಳದ ಪಕ್ಕದ ಜಮೀನೇ ಬೇಕೆನ್ನಿ” ಎಂದರು. ವಿಷಯದ ತಿರುಳು ಅದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನಿಂದ ಬಂದು ನೆಲೆಸಿದವರು ಗೋದಿಗೂ ಕುರಿ ದನಗಳಿಗೂ ನೆಲ ಹುಡುಕಿದಾಗ ಮೊದಲು ಕೊಡಲಿಯಿಟ್ಟದ್ದು ಈ ಮೆಕ್ಕಲು ಬಯಲುಗಳ ಮೇಲೆಯೇ. ಬೇಸಾಯಕ್ಕೆ ಬಾರದ ಕಲ್ಲುಗುಡ್ಡಗಳೂ ಬಡ ಮರಳುನೆಲಗಳೂ ಮುಂದೆ ಸರ್ಕಾರಿ ಅರಣ್ಯಗಳಾಗಿಯೂ ರಾಷ್ಟ್ರೀಯ ವನಗಳಾಗಿಯೂ ಉಳಿದವು. ಭೂಪಟದ ಮೇಲೆ ಹಸಿರು ಬಹಳವಾಗಿ ಕಾಣುವುದು; ಆದರೆ ಅದರಲ್ಲಿ ಎಷ್ಟೋ ಭಾಗ ಈ ಪ್ರಾಣಿಗೆ ಬರೀ ಕಟ್ಟಿಗೆ. ಅದಕ್ಕೆ ಬೇಕಾದ ಮೇವು ಇಂದು ರೈತರ ಹಿಡುವಳಿಗಳಲ್ಲಿ, ಹುಲ್ಲುಗಾವಲುಗಳ ನಡುವೆ ಒಂಟಿಯಾಗಿ ನಿಂತ ಮರಗಳಲ್ಲಿ, ರಸ್ತೆಯ ಅಂಚುಗಳಲ್ಲಿ, ಪಟ್ಟಣಗಳ ಹೊರವಲಯದಲ್ಲಿ ಹರಿದುಹಂಚಿಹೋಗಿದೆ. “ಇಷ್ಟು ಕಾಡಿದೆಯಲ್ಲ, ಕೊಆಲಾ ಅಲ್ಲಿ ಹೋಗಿ ಬದುಕಲಿ” ಎಂಬ ಮಾತು, ನಮ್ಮ ದನಗಳನ್ನು ಬಂಡೆಯ ಮೇಲೆ ಕಟ್ಟಿ ಮೇಯಲೆಂದು ಹೇಳಿದಂತೆ.

ಮೇವಿನ ಮರವೊಂದೇ ಸಾಲದು. ಬೇಸಿಗೆಯ ಬಿಸಿಯಿಂದ ಮೈಯನ್ನು ಕಾಯ್ದುಕೊಳ್ಳುವುದೂ ಆಗಬೇಕು. ವಿಕ್ಟೋರಿಯಾದಲ್ಲಿ ನಡೆದ, ೨೦೧೪ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಬಿಸಿಲು ಏರಿದ ದಿನಗಳಲ್ಲಿ ಕೊಆಲಾ ಮೇವಿನ ಮರದಿಂದ ಇಳಿದು, ನಮ್ಮ ಜಾಲಿಯ ಕುಲಕ್ಕೆ ಸೇರಿದ ವಾಟಲ್ ಮರದ ದಪ್ಪ ಕಾಂಡವನ್ನು ಅಪ್ಪಿಕೊಂಡು ಮಲಗುವುದು. ಅಂತಹ ಕಾಂಡವು ಗಾಳಿಗಿಂತ ಐದು ಡಿಗ್ರಿಗೂ ಮಿಗಿಲಾಗಿ ತಂಪಾಗಿರಬಲ್ಲುದು. ಏದುಸಿರಿಗೆ ಖರ್ಚಾಗುವ ನೀರು ಅಷ್ಟರ ಮಟ್ಟಿಗೆ ಉಳಿಯುವುದು. ಆ ಮರದ ಎಲೆಯನ್ನು ಅದು ತಿನ್ನುವುದಿಲ್ಲ. ಉಪಯೋಗವಿಲ್ಲದ ಮರವೆಂದು ನಾವು ಲೆಕ್ಕದಿಂದ ತೆಗೆದುಹಾಕುವುದು ಇಂತಹವನ್ನೇ. ನೀರಿನ ವಿಷಯದಲ್ಲಿಯೂ ಹಳೆಯ ನಂಬಿಕೆ ಸಡಿಲವಾಗಿದೆ. ಕೊಆಲಾ ನೀರನ್ನೇ ಕುಡಿಯದೆಂದು ಬಹುಕಾಲ ಹೇಳುತ್ತಿದ್ದರು. ಎಲೆಯ ನೀರಿನಿಂದಲೇ ಅದರ ಅವಶ್ಯಕತೆ ಬಹುಮಟ್ಟಿಗೆ ತೀರುವುದು ನಿಜ. ಆದರೆ ಮಳೆಯಲ್ಲಿ ಕಾಂಡದ ಮೇಲೆ ಇಳಿದುಬರುವ ನೀರನ್ನು ಅದು ನೆಕ್ಕುವುದನ್ನು ೨೦೨೦ರಲ್ಲಿ ವರದಿ ಮಾಡಿದ್ದಾರೆ. ಬರದಲ್ಲಿ ಎಲೆ ಒಣಗಿದಾಗ, ರೈತರು ಮರಕ್ಕೆ ಕಟ್ಟಿಸಿದ ತೊಟ್ಟಿಗಳಿಗೂ ಬಂದು ಕುಡಿದಿದೆ.

ಈ ತೊಟ್ಟಿಗಳನ್ನು ಕಟ್ಟಿದ್ದು ನ್ಯೂ ಸೌತ್ ವೇಲ್ಸಿನ ಗನೆಡಾ ಎಂಬ ಊರಿನ ಬಳಿ. ಆ ಊರಿನ ಸಂಗತಿಯನ್ನು ವ್ಯವಸಾಯದವರು ಅವಶ್ಯವಾಗಿ ತಿಳಿದಿರಬೇಕು. ಅದು ಲಿವರ್‌ಪೂಲ್ ಬಯಲು ಎಂಬ ಸೀಮೆಯಲ್ಲಿದೆ. ನಮ್ಮ ಧಾರವಾಡ, ರಾಯಚೂರು ಸೀಮೆಗಳ ಎರೆಭೂಮಿಯಂತೆ ಬಿರುಕುಬಿಡುವ ಕಪ್ಪುಮಣ್ಣು. ಗೋದಿ, ಜೋಳ, ಹತ್ತಿ ಬೆಳೆಯುವ ಉತ್ತಮ ನೆಲ. ಮರಗಳನ್ನು ತೆಗೆದ ತರುವಾಯ ಅಂತರ್ಜಲವು ಮೇಲಕ್ಕೆ ಬಂದು ಚೌಳು ಏಳುವ ಭಯ ತಲೆದೋರಿತು. ಅದನ್ನು ತಡೆಯುವ ಸಲುವಾಗಿ ೧೯೯೦ರ ದಶಕದಲ್ಲಿ ರೈತರು ಸ್ಥಳೀಯ ಜಾತಿಯ ಮರಗಳನ್ನು ಸಾಲುಸಾಲಾಗಿ ನೆಟ್ಟರು. ಅವರು ನೆಟ್ಟದ್ದು ಚೌಳಿಗಾಗಿ. ಬಂದು ನೆಲೆಸಿದ್ದು ಕೊಆಲಾ. ಒಳ್ಳೆಯ ಮಣ್ಣಿನಲ್ಲಿ ಸರಿಯಾದ ಜಾತಿಯ ಮರ ನಿಂತಿತು, ಪ್ರಾಣಿಯ ಸಂಖ್ಯೆ ಏರಿತು. ಯಾವ ವನಪಾಲಕರೂ ಹಿಡಿದು ತಂದು ಬಿಟ್ಟುದಲ್ಲ. ಈ ಒಂದು ನಿದರ್ಶನವು ನೂರು ಭಾಷಣಗಳಿಗಿಂತ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುವುದು. ಆದರೆ ಕಥೆ ಅಲ್ಲಿಗೇ ಸುಖವಾಗಿ ಮುಗಿಯಲಿಲ್ಲ. ೨೦೦೯ರಲ್ಲಿ ಬರಗಾಲದ ಮೇಲೆ ಬಿಸಿಗಾಳಿಯೂ ಸೇರಿ, ಅಲ್ಲಿನ ಕೊಆಲಾಗಳಲ್ಲಿ ಕಾಲುಭಾಗದಷ್ಟು ಸತ್ತವೆಂದು ಅಂದಾಜು ಮಾಡಿದರು. ಆಮೇಲೆ ರೋಗವೂ ಹರಡಿತು.

ಇದಕ್ಕೆ ವಿರುದ್ಧವಾದ ತಪ್ಪೂ ನಡೆದಿದೆ. ದಕ್ಷಿಣ ಆಸ್ಟ್ರೇಲಿಯಾದ ಕಾಂಗರೂ ದ್ವೀಪದಲ್ಲಿ ಕೊಆಲಾ ಮೂಲತಃ ಇರಲಿಲ್ಲ. ತುಪ್ಪುಳದ ವ್ಯಾಪಾರದಿಂದ ಮುಖ್ಯ ಭೂಭಾಗದಲ್ಲಿ ಅವು ನಾಶವಾಗುತ್ತಿದ್ದುದನ್ನು ಕಂಡು ೧೯೨೦ರ ದಶಕದಲ್ಲಿ ಕೆಲವನ್ನು ತಂದು ಅಲ್ಲಿ ಬಿಟ್ಟರು. ಉದ್ದೇಶವೇನೋ ಒಳ್ಳೆಯದೇ. ಹಳ್ಳಗಳ ಅಂಚಿನ ಮ್ಯಾನಾ ಗಮ್ ಎಂಬ ರುಚಿಯಾದ ಮರಗಳು, ರೋಗದ ಕಾಟ ಕಡಿಮೆ, ಹೊರಗೆ ಹೋಗಲು ದಾರಿಯಿಲ್ಲ. ಅವು ಸಾವಿರಗಟ್ಟಲೆ ಹೆಚ್ಚಿ ಮರಗಳನ್ನು ಬೋಳುಮಾಡಿದುವು. ೧೯೯೭ರಿಂದ ಅವುಗಳನ್ನು ಹಿಡಿದು ಸಂತಾನಹರಣ ಮಾಡಿಸುವ ಕೆಲಸಕ್ಕೆ ಸರ್ಕಾರವೇ ಕೈಹಾಕಬೇಕಾಯಿತು. ೨೦೧೯-೨೦ರ ಬೇಸಿಗೆಯ ಬೆಂಕಿಯಲ್ಲಿ ದ್ವೀಪದ ಅರ್ಧಕ್ಕೆ ಹತ್ತಿರವಾದ ಭಾಗ ಸುಟ್ಟಾಗ ಅವುಗಳಲ್ಲಿ ಬಹುಪಾಲು ಬೂದಿಯಾದುವು. ವಿಕ್ಟೋರಿಯಾದ ಕೇಪ್ ಆಟ್ವೇ ಎಂಬಲ್ಲಿ ೧೯೮೧ರಲ್ಲಿ ೭೫ ಪ್ರಾಣಿಗಳನ್ನು ಬಿಟ್ಟರು. ಅವುಗಳ ಸಂತಾನವು ಮ್ಯಾನಾ ಗಮ್ ತೋಪುಗಳನ್ನು ತಿಂದು ಮುಗಿಸಿ ಉಪವಾಸ ಬಿದ್ದಾಗ, ೨೦೧೩-೧೪ರಲ್ಲಿ ಸುಮಾರು ೭೦೦ನ್ನು ದಯಾಮರಣಕ್ಕೆ ಗುರಿಮಾಡಬೇಕಾಯಿತು. ನಮ್ಮ ಗೋಮಾಳಕ್ಕೆ ಎಷ್ಟು ದನ ಬಿಡಬಹುದೆಂಬ ಲೆಕ್ಕವನ್ನು ಮರೆತರೆ ಏನಾಗುವುದೋ ಅಲ್ಲಿಯೂ ಅದೇ ಆಯಿತು. ಹೀಗೆ ಒಂದೇ ದೇಶದಲ್ಲಿ ಒಂದು ಕಡೆ ಪ್ರಾಣಿ ಹೆಚ್ಚಿ ಹಸಿವಿನಿಂದ ಸಾಯುವುದು, ಇನ್ನೊಂದು ಕಡೆ ಮರವಿಲ್ಲದೆ ಕ್ಷೀಣಿಸುವುದು. ಬರೀ ತಲೆಯೆಣಿಕೆಯನ್ನು ನೆಚ್ಚಿದವರಿಗೆ ಇವೆರಡೂ ಸೇರಿ ಸಮವಾಗಿ ಕಾಣುವ ಅಪಾಯವುಂಟು.

ಉಳಿದ ಕಷ್ಟಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ತುಪ್ಪುಳಕ್ಕಾಗಿ ನಡೆದ ಬೇಟೆ ಭಯಂಕರವಾದುದು. ೧೯೨೭ರ ಆಗಸ್ಟಿನಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರವು ಬೇಟೆಗೆ ಅಪ್ಪಣೆ ಕೊಟ್ಟಾಗ ಆ ಒಂದು ತಿಂಗಳಲ್ಲಿ ಸುಮಾರು ಆರು ಲಕ್ಷ ಕೊಆಲಾಗಳು ಹತವಾದುವು. ಜನರು ರೊಚ್ಚಿಗೆದ್ದರು, ಬೇಟೆಗೆ ಅಲ್ಲಿಗೆ ಕೊನೆಯಾಯಿತು. ಈಗಿನ ಶತ್ರುಗಳು ಮೋಟಾರು ಗಾಡಿ, ನಾಯಿ, ಬೆಂಕಿ, ಮತ್ತು ಕುರುಡುತನವನ್ನೂ ಬಂಜೆತನವನ್ನೂ ತರುವ ಕ್ಲಮೈಡಿಯಾ ಎಂಬ ರೋಗ. ಇದಕ್ಕೆ ೨೦೨೫ರಲ್ಲಿ ಒಂದು ಲಸಿಕೆಗೆ ಅನುಮತಿ ದೊರೆಯಿತು. ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ಮತ್ತು ರಾಜಧಾನಿ ಪ್ರದೇಶದ ಕೊಆಲಾಗಳನ್ನು ೨೦೧೨ರಲ್ಲಿ ಅಪಾಯಕ್ಕೆ ಒಳಗಾದುವೆಂದೂ, ೨೦೨೨ರಲ್ಲಿ ಅಳಿವಿನ ಅಂಚಿಗೆ ಬಂದುವೆಂದೂ ಅಲ್ಲಿನ ಕೇಂದ್ರಸರ್ಕಾರ ಪಟ್ಟಿಗೆ ಸೇರಿಸಿತು. ನಾಯಿಯನ್ನು ಕಟ್ಟಿಹಾಕಬಹುದು, ರೋಗಕ್ಕೆ ಲಸಿಕೆ ಹಾಕಬಹುದು; ಒಳ್ಳೆಯ ಮಣ್ಣಿನ ಮೇಲಿನ ಮರಕ್ಕೆ ಬದಲಿಯಿಲ್ಲ. ಒಂದು ಮರದಿಂದ ಇನ್ನೊಂದಕ್ಕೆ ಹೋಗಲು ಬಯಲನ್ನೋ ರಸ್ತೆಯನ್ನೋ ದಾಟಬೇಕಾದುದರಿಂದಲೇ ಅದು ನಾಯಿಗೂ ಗಾಡಿಗೂ ಸಿಕ್ಕುವುದೆಂಬುದನ್ನು ಮರೆಯಬಾರದು.

ತೋಪು ಹಾಕಿದರೆ ಸಾಲದೇ ಎಂದು ಕೇಳುವವರುಂಟು. ವಿಕ್ಟೋರಿಯಾದ ಪಶ್ಚಿಮ ಭಾಗದಲ್ಲಿ ಕಾಗದದ ತಿರುಳಿಗಾಗಿ ಬ್ಲೂ ಗಮ್ ಮರಗಳ ದೊಡ್ಡ ತೋಪುಗಳನ್ನು ಬೆಳೆಸಿದ್ದಾರೆ. ನಮ್ಮ ಊಟಿಯ ಬೆಟ್ಟಗಳಲ್ಲಿ ನೆಲೆಯೂರಿ ನೀಲಗಿರಿ ಎಂಬ ಹೆಸರನ್ನೇ ಪಡೆದ ಮರ ಅದೇ. ಕೊಆಲಾಗಳು ಆ ತೋಪುಗಳನ್ನು ಮೆಚ್ಚಿ ತುಂಬಿಕೊಂಡುವು. ಕೆಲವು ವರ್ಷಗಳಾದ ಮೇಲೆ ಕಟಾವು ಬರುವುದು. ಪ್ರಾಣಿಯಿರುವ ಮರವನ್ನು ಗುರುತಿಸಿ ಬಿಟ್ಟು ಕಡಿಯಬೇಕೆಂಬ ನಿಯಮಗಳನ್ನು ಮಾಡಿದ್ದಾರೆ. ಆದರೂ ಗಾಯಗೊಂಡುವೂ ಸತ್ತುವೂ ಉಂಟು, ಉಳಿದುವು ಸುತ್ತಲಿನ ಹಳೆಯ ಮರಗಳ ಮೇಲೆ ಮುಗಿಬೀಳುವುವು. ಕಟಾವಿಗೆಂದು ನೆಟ್ಟ ತೋಪು ಬೆಳೆಯೇ ಹೊರತು ನೆಲೆಯಲ್ಲ.

ನಮ್ಮ ಮೈದಾನದ ನೀಲಗಿರಿಗೂ ಈ ಕಥೆಗೂ ಒಂದು ನಂಟಿದೆ. ಟಿಪ್ಪುಸುಲ್ತಾನನ ಕಾಲದಲ್ಲಿ ನಂದಿಬೆಟ್ಟಕ್ಕೆ ಬಂದುದೆಂದು ಪ್ರತೀತಿಯಿರುವ, ಮುಂದೆ ಮೈಸೂರು ಗಮ್ ಎಂದು ಹೆಸರಾದ ಮರವು ಬಹುಮಟ್ಟಿಗೆ ಆಸ್ಟ್ರೇಲಿಯಾದ ಫಾರೆಸ್ಟ್ ರೆಡ್ ಗಮ್ ಜಾತಿಯದು. ಆ ಜಾತಿಯೇ ಕ್ವೀನ್ಸ್‌ಲ್ಯಾಂಡಿನ ನದೀಬಯಲುಗಳಲ್ಲಿ ಕೊಆಲಾದ ಮುಖ್ಯ ಮೇವು. ನಾವು ಅದನ್ನು ಕಂಬಕ್ಕೂ ತಿರುಳಿಗೂ ತಂದೆವು, ಕೆಂಪುಮಣ್ಣಿನ ಖುಷ್ಕಿಯಲ್ಲಿ ಒತ್ತೊತ್ತಾಗಿ ನೆಟ್ಟೆವು, ಬಾವಿಗಳು ಬತ್ತಿದಾಗ ಅದನ್ನು ಬೈದೆವು. ೨೦೧೭ರಲ್ಲಿ ನಮ್ಮ ಸರ್ಕಾರವು ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಆ ನಿಷೇಧಕ್ಕೆ ನನ್ನ ಸಮ್ಮತಿಯಿದೆ. ಆದರೆ ಮರವನ್ನು ದೂಷಿಸುವುದರಲ್ಲಿ ನನಗೆ ಮನಸ್ಸಿಲ್ಲ. ಇಲ್ಲಿ ಬೇಡದ ಮರ ಅಲ್ಲಿ ಹಳ್ಳದ ದಡದಲ್ಲಿ ಒಂದು ಉರುಳಿದರೂ ನಷ್ಟವೇ.

ಇನ್ನು ಆಗಬೇಕಾದುದೇನೆಂಬಲ್ಲಿ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಆಸ್ಟ್ರೇಲಿಯಾದ ಸರ್ಕಾರಗಳು ಬೆಟ್ಟದ ಮೇಲೆ ಎಷ್ಟು ವನಗಳನ್ನು ಸಾರಿದರೂ, ರೈತನ ಮೆಕ್ಕಲು ಜಮೀನಿನಲ್ಲಿ ಅಗಲವಾದ ದಡಪಟ್ಟಿಯೊಂದು ಮರಗಳಿಗೆಂದು ಉಳಿಯದಿದ್ದರೆ ಕೊಆಲಾಕ್ಕೆ ಪ್ರಯೋಜನ ಅಲ್ಪ. ಆ ಪಟ್ಟಿಯನ್ನು ಬಿಟ್ಟುಕೊಡೆಂದು ರೈತನಿಗೆ ಬರೀ ಉಪದೇಶ ಮಾಡುವುದು ನ್ಯಾಯವಲ್ಲ. ಅದು ಅವನ ಜಮೀನಿನಲ್ಲಿ ಅತ್ಯಂತ ಬೆಲೆಯುಳ್ಳ ಭಾಗ. ಅದರ ಫಸಲಿನ ಬೆಲೆಯನ್ನು ವರ್ಷವರ್ಷವೂ ಕಟ್ಟಿಕೊಡಬೇಕು. ದನ ನುಗ್ಗದಂತೆ ಬೇಲಿಯ ಖರ್ಚನ್ನೂ ಕೊಡಬೇಕು. ಪ್ರಾಣಿಯ ಚಿತ್ರವನ್ನು ಮುದ್ದಿಸುವ ಪಟ್ಟಣವಾಸಿಗಳೇ ಆ ಹಣವನ್ನು ತೆರುವುದು ಸರಿ. ನೆಡುವ ಜಾತಿಗಳನ್ನು ಆಯಾ ಸ್ಥಳದ ಮಣ್ಣು ನೋಡಿ ಆರಿಸಬೇಕು. ಮೇವಿಗೆ ಬಾರದ ನೆರಳಿನ ಮರಗಳನ್ನೂ ನಡುನಡುವೆ ಸೇರಿಸಬೇಕು. ನೆಟ್ಟ ಸಸಿಯು ಕೊಆಲಾವನ್ನು ಹೊರುವಷ್ಟಾಗಲು ಹಲವು ವರ್ಷಗಳು ಬೇಕು, ಬಿಸಿಗಾಳಿಯ ದಿನ ಅಪ್ಪಿಕೊಂಡು ಮಲಗುವಂತಹ ದಪ್ಪ ಕಾಂಡವಾಗಲು ಇನ್ನೂ ಎಷ್ಟೋ ಹೆಚ್ಚು. ಆದುದರಿಂದ ಹೊಸದಾಗಿ ನೆಡುವ ಲೆಕ್ಕವನ್ನು ತೋರಿಸಿ ಹಳೆಯದನ್ನು ಕಡಿಯಲು ಅಪ್ಪಣೆ ಕೊಡುವ ಪದ್ಧತಿಯು ಮೊದಲು ನಿಲ್ಲಬೇಕು.